ಬೆನ್ನುಹುರಿಗೆ ಪೆಟ್ಟಾದರೆ ಬಿಪಿ ಏರಿಸುವುದೇಕೆ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿದೆ. ಐಸಿಯುನಲ್ಲಿ ಬಿಪಿ ಏರಿಸುವ ಔಷಧಿ ಕೊಡುತ್ತಿದ್ದಾರೆ. ಬಿಪಿ ಜಾಸ್ತಿಯಾದರೆ ಅಪಾಯ ಅಲ್ವಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಗಾಬರಿ ಸಹಜ ಕಣಮ್ಮಾ. ಬಿಪಿ ಇಳಿಸಿ, ಉಪ್ಪು ಬಿಡಿ ಅಂತ ಹೇಳಿ ಹೇಳಿ ಹೆದರಿಸಿಟ್ಟವರು ನಾವೇ. ಇಲ್ಲಿ ಲೆಕ್ಕ ಬೇರೆ. ಪೆಟ್ಟಾದ ಬೆನ್ನುಹುರಿ ಊದಿಕೊಳ್ಳುತ್ತದೆ. ಸುತ್ತ ಗಟ್ಟಿ ಪೊರೆ, ಅದರಾಚೆ ಮೂಳೆ. ಊದಲು ಜಾಗವೇ ಇಲ್ಲ. ಒಳಗಿನ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ಸಾಲದ್ದಕ್ಕೆ, ಕುತ್ತಿಗೆಯ ಪೆಟ್ಟಿನಲ್ಲಿ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳ ಸಂಪರ್ಕ ತಪ್ಪಿ ಬಿಪಿ ತಾನಾಗಿ ಕುಸಿಯಬಹುದು. ಅಮುಕಿದ ನಾಳಗಳೊಳಗೂ ರಕ್ತ ಹೋಗಲಿ ಅಂತಲೇ ಬಿಪಿ ಏರಿಸುವುದು.

ಮಾನಿಟರಿನಲ್ಲಿ ಬಿಪಿ ಪಕ್ಕ, ಕಂಸದೊಳಗೆ ಒಂದು ಸಂಖ್ಯೆ ಇರುತ್ತದಲ್ಲ, ಅದು ಸರಾಸರಿ ಒತ್ತಡ. ಅದು 85 ಇದ್ದು, ಬೆನ್ನುಹುರಿ ಸುತ್ತಲಿನ ದ್ರವದ ಒತ್ತಡ 20 ಇದ್ದರೆ, ರಕ್ತ ತಳ್ಳಲು ಉಳಿಯುವುದು 65 ಮಾತ್ರ. 2013ರ ಅಮೆರಿಕದ ಮಾರ್ಗಸೂಚಿ ಆ ಸರಾಸರಿಯನ್ನು ಮೊದಲ 7 ದಿನ 85ರಿಂದ 90ರೊಳಗೆ ಇಡಿ ಎಂದಿತ್ತು.

ಕೆನಡಾದ ವ್ಯಾಂಕೂವರಿನಲ್ಲಿ ಡಾ. ಬ್ರಯನ್ ಕ್ವಾನ್ ತಂಡ ಸೊಂಟದ ಬಳಿ ಸಣ್ಣ ನಳಿಕೆ ಇಟ್ಟು ಈ ದ್ರವದ ಒತ್ತಡ ಅಳೆಯಿತು. ಆಪರೇಷನ್ ಆದ ಮೇಲೂ ಅದು ಏರುವುದು ಕಂಡಿತು. ಲಂಡನ್ನಿನ ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ತಂಡ ಪೆಟ್ಟಿನ ಜಾಗದಲ್ಲೇ, ಪೊರೆಯೊಳಗೆ ಒತ್ತಡ ಅಳೆಯುವ ಪ್ರೋಬ್ ಇಟ್ಟು ನೋಡಿತು. ಸೊಂಟದಲ್ಲಿ ಸಿಗುವ ಅಳತೆಯೇ ಅಲ್ಲೂ ಇರುತ್ತದೆ ಅನ್ನುವಂತಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ವಿಷಯ.

ಬಿಪಿ ಏರಿಸಿದರೆ ಕೈಕಾಲು ಬಂದೇ ಬರುತ್ತದೆ ಅಂತಲ್ಲ. ಔಷಧಿಯಿಂದ ಹೃದಯದ ಬಡಿತ ಏರುಪೇರಾಗಬಹುದು, ಅದಕ್ಕೇ ಐಸಿಯು. ಸರಾಸರಿ ಎಷ್ಟಕ್ಕೆ ಇಟ್ಟಿದ್ದೀರಿ, ಎಷ್ಟು ದಿನ ಅಂತ ಅಲ್ಲಿನ ಡಾಕ್ಟರನ್ನು ಧೈರ್ಯವಾಗಿ ಕೇಳಿ.