ಪ್ರತಿಕ್ರಿಯೆ: ಬಿಎಂಟಿಸಿಗೆ ಮಹಿಳಾ ಎಂ.ಡಿ. ಬಂದಿದ್ದಾರಾ?

ಬೆಂಗಳೂರಿನ ಸಿಟಿ ಬಸ್ ನಿಗಮ ಬಿಎಂಟಿಸಿಯಲ್ಲಿ ಹೆಂಗಸರು ಎಂ.ಡಿ. (ವ್ಯವಸ್ಥಾಪಕ ನಿರ್ದೇಶಕರು) ಆಗಿದ್ದಾರಾ, ಬಂದು ಏನಾದ್ರೂ ಬದಲಾಯ್ತಾ ಅಂತ ಕೇಳಿದ್ದೀರಿ. ಆಗಿದ್ದಾರೆ. ಏಕ್‌ರೂಪ್ ಕೌರ್, ಸಿ. ಶಿಖಾ, ಜಿ. ಸತ್ಯವತಿ ಮೂವರೂ ಆ ಕುರ್ಚಿಯಲ್ಲಿ ಕೂತವರೇ.

ಕಣ್ಣಿಗೆ ಕಂಡ ಬದಲಾವಣೆ ಅಂದ್ರೆ ಶಿಖಾ ಅವರ ಕಾಲದ ಬಸ್ ಲೇನ್. 2019ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಂ ಕಡೆಗೆ, ಎಡಬದಿಯಲ್ಲಿ ಕಂಬ ನೆಟ್ಟು ಬಸ್ಸಿಗೇ ಅಂತ ದಾರಿ ಬಿಟ್ಟರು. ಪಕ್ಕದಲ್ಲಿ ಕಾರುಗಳು ಸಾಲಾಗಿ ನಿಂತಿರುವಾಗ ಬಸ್ಸು ಸಲೀಸಾಗಿ ಮುಂದೆ ಹೋಗೋದು ನೋಡೋಕೇ ಖುಷಿ. ಬೈಕ್‌ನವರು ನುಗ್ಗುತ್ತಿದ್ದರು, ಅದು ಬಿಡಿ. ಆಮೇಲೆ ಮೆಟ್ರೋ ಕೆಲಸ ಶುರುವಾಗಿ ಆ ಲೇನೇ ಹೋಯ್ತು.

ಅದೊಂದು ಬರೀ ಎಂ.ಡಿ. ಕೈಯಲ್ಲಿ ಆಗೋ ಕೆಲಸ ಅಲ್ಲ. ರಸ್ತೆ ಪಾಲಿಕೆಯದು, ಟ್ರಾಫಿಕ್ ಪೊಲೀಸರದು. ಎಲ್ಲರನ್ನೂ ಒಪ್ಪಿಸಬೇಕು. ಎಂ.ಡಿ. ಆಗಿ ಬರೋ ಐಎಎಸ್ ಅಧಿಕಾರಿಗಳಿಗೆ ಎರಡು ಮೂರು ವರ್ಷಕ್ಕೆ ವರ್ಗಾವಣೆ ಬೇರೆ.

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲೆ ಬಸ್ಸಲ್ಲಿ ಹೆಂಗಸರೇ ಜಾಸ್ತಿ. ಆದ್ರೆ ಅದು ಸರ್ಕಾರದ ತೀರ್ಮಾನ, ನಿಗಮದ್ದಲ್ಲ. ನನ್ನ ಕೇಳಿದ್ರೆ ಎಂ.ಡಿ. ಯಾರು ಅನ್ನೋದಕ್ಕಿಂತ ಡಿಪೋ ಮ್ಯಾನೇಜರ್ ಯಾರು ಅಂತ ನೋಡಿ. ಡ್ಯೂಟಿ ಹಾಕೋದು, ಕಂಡಕ್ಟರ್ ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಕೊಡಬೇಕಾ ಬೇಡವಾ, ಕೊನೇ ಸ್ಟಾಪಲ್ಲಿ ಶೌಚಾಲಯ ಇದೆಯಾ, ಇವೆಲ್ಲ ಗೊತ್ತಾಗೋದು ಅಲ್ಲೇ ಅಲ್ವಾ?