ಅತ್ತೆಯ ಮೇಲೆ ರೇಗುತ್ತೇನೆ, ಆಮೇಲೆ ಅಳುತ್ತೇನೆ

ಪ್ರಶ್ನೆ: ಅತ್ತೆಗೆ 78 ವರ್ಷ, ಮಂಡಿನೋವು. ಭಾನುವಾರ ಚರ್ಚಿನಲ್ಲಿ ಬೆಳಗ್ಗೆ ಏಳರ ಬಲಿಪೂಜೆಗೆ (ಮಾಸ್) ಹೊರಡುವಾಗ ಸೀರೆಯ ನೆರಿಗೆ, ಜಪಸರ, ಕನ್ನಡಕ ಎಂದು ತಡ ಮಾಡುತ್ತಾರೆ. ‘ಗ್ಯಾಸ್ ಆಫ್ ಮಾಡಿದೆಯಾ’ ಎಂದು ನಾಲ್ಕು ಸಲ ಕೇಳುತ್ತಾರೆ. ನಾನು ರೇಗುತ್ತೇನೆ, ಆಮೇಲೆ ಚರ್ಚಿನಲ್ಲಿ ಕುಳಿತು ಅಳುತ್ತೇನೆ. ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಪ್ರತಿ ತಿಂಗಳೂ ಅದೇ ಮಾತು. ದೇವರಿಗೂ ನನ್ನ ಮೇಲೆ ಬೇಸರ ಬಂದಿರಬಹುದೇ?
– ಒಬ್ಬ ಓದುಗರು, ಮಂಗಳೂರು

ಪ್ರೀತಿಯ ಸಹೋದರಿ,

ದೇವರಿಗೆ ಬೇಸರ ಬಂದಿಲ್ಲ. ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಶಿಷ್ಯ ಪೇತ್ರ ಕೇಳಿದಾಗ ಯೇಸುಸ್ವಾಮಿ ಏಳೆಪ್ಪತ್ತು ಸಲ ಎಂದರು. ನಮಗೆ ಹಾಗೆ ಹೇಳಿದವರು ನಿಮ್ಮ ತಿಂಗಳುಗಳನ್ನು ಎಣಿಸುತ್ತಾ ಕೂತಿರುತ್ತಾರೆಯೇ?

ನಿಮ್ಮ ಪತ್ರ ಓದುವಾಗ ಬಾಲಯೇಸುವಿನ ಸಂತ ತೆರೇಸಾ ನೆನಪಾದರು. 1888ರಲ್ಲಿ, ಹದಿನೈದನೇ ವಯಸ್ಸಿಗೆ, ಫ್ರಾನ್ಸಿನ ಲಿಸಿಯೂ ಊರಿನ ಕಾರ್ಮೆಲ್ ಸನ್ಯಾಸಿನಿಯರ ಮಠ ಸೇರಿದವರು. ಅಲ್ಲಿ ಸಂಧಿವಾತದಿಂದ ನರಳುತ್ತಿದ್ದ ವೃದ್ಧ ಸನ್ಯಾಸಿನಿಯೊಬ್ಬರನ್ನು ಪ್ರತಿ ಸಂಜೆ ಊಟದ ಕೋಣೆಗೆ ಕರೆದೊಯ್ಯಬೇಕಿತ್ತು. ಆ ಕೆಲಸವನ್ನು ತೆರೇಸಾ ತಾವಾಗಿ ಕೇಳಿ ಪಡೆದರು. ಸೊಂಟಪಟ್ಟಿ ಹಿಡಿದು ಹಿಂದೆ ನಡೆಯಬೇಕು. ಅಜ್ಜಿ ಎಡವಿದರೆ, ಓಡಿಸಿ ಬೀಳಿಸುತ್ತೀಯ ಎಂಬ ದೂರು. ನಿಧಾನಿಸಿದರೆ, ಕೈ ಬಿಟ್ಟುಬಿಟ್ಟೆ, ಈ ಕೆಲಸಕ್ಕೆ ನೀನಿನ್ನೂ ಚಿಕ್ಕವಳು ಎಂಬ ದೂರು. ತನಗದು ಬಹಳ ಕಷ್ಟವಾಗಿತ್ತು ಎಂದು ಸಂತರೇ ಬರೆದಿಟ್ಟಿದ್ದಾರೆ, ಅದು ನನಗೆ ತುಂಬ ಸಮಾಧಾನ ಕೊಡುವ ಮಾತು. ಆ ಅಜ್ಜಿಗೆ ಬ್ರೆಡ್ ಕತ್ತರಿಸಲು ಕೈ ಬರುತ್ತಿಲ್ಲ ಎಂಬುದು ತೆರೇಸಾ ಕಣ್ಣಿಗೆ ಬಿತ್ತು. ಹೇಳಿಸಿಕೊಳ್ಳದೆಯೇ ಕತ್ತರಿಸಿಕೊಟ್ಟು, ನಕ್ಕು ಹೊರಟರು. ಅಜ್ಜಿಯ ಮನಸ್ಸು ಕರಗಿದ್ದು ಅಲ್ಲೇ.

ಹಲ್ಲು ಕಚ್ಚಿಕೊಂಡು ಎಷ್ಟು ಭಾನುವಾರ ಕಳೆಯಲಾದೀತು? ತೆರೇಸಾ ಅಜ್ಜಿಯ ಕೈ ನೋಡಿದರು, ನೀವು ಗಡಿಯಾರ ನೋಡುತ್ತಿದ್ದೀರಿ. ಅತ್ತೆಗೆ ಬಹುಶಃ ಬಗ್ಗಲಾಗುತ್ತಿಲ್ಲ. ಈ ವಾರ ನೀವೇ ಕೆಳಗೆ ಕುಳಿತು ನೆರಿಗೆ ಹಿಡಿದುಕೊಡಿ. ಜಪಸರ, ಕನ್ನಡಕ ಶನಿವಾರ ರಾತ್ರಿಯೇ ಚೀಲ ಸೇರಲಿ. ಗ್ಯಾಸನ್ನು ಅವರ ಕಣ್ಣೆದುರೇ ಆಫ್ ಮಾಡಿ. ಮರೆವು ಇತ್ತೀಚೆಗೆ ಹೆಚ್ಚಾಗಿದ್ದರೆ ವೈದ್ಯರಿಗೆ ತೋರಿಸಿ. ಕಾಯಿಲೆಯನ್ನು ಹಟ ಎಂದುಕೊಂಡು ರೇಗಿದರೆ ಅನ್ಯಾಯವಾಗುತ್ತದೆ. ಇನ್ನು ನಿಮ್ಮ ಯಜಮಾನರ ವಿಷಯ ನೀವು ಬರೆದೇ ಇಲ್ಲ. ಅವರ ತಾಯಿಯಲ್ಲವೇ? ಭಾನುವಾರದ ತಿಂಡಿ ಅವರು ನೋಡಿಕೊಳ್ಳಲಿ.

ಗುರುಗಳ ಮುಂದೆ ಹೇಳುವುದನ್ನು ಅತ್ತೆಯ ಮುಂದೆ ಒಮ್ಮೆಯಾದರೂ ಹೇಳಿದ್ದೀರಾ? ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದವರು ಯೇಸುಸ್ವಾಮಿಯೇ. ಚರ್ಚಿನ ಮೆಟ್ಟಿಲ ಬಳಿ ಅವರ ಕೈ ಹಿಡಿದು, ತಪ್ಪಾಯಿತು ಅಮ್ಮ ಎನ್ನಿ. ಅಷ್ಟರಲ್ಲಿ ಪೂಜೆಯ ಗಂಟೆ ಹೊಡೆದರೆ ಹೊಡೆಯಲಿ.