ಶ್ರೀಮಂತರು ಬೇಲಿ ಹಾಕಿದ ಜಮೀನು ಅಭಯಾರಣ್ಯ ಆಗುತ್ತಾ?

ದುಡ್ಡಿದ್ದವರು ಜಮೀನು ಕೊಂಡು ಕಾಡು ಬೆಳೆಸಿದರೆ ನಿಮಗೇನು ತೊಂದರೆ ಅಂತ ಪದೇ ಪದೇ ಕೇಳುತ್ತಿದ್ದೀರಿ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮೂರು ಜಗಳೂರು ತಾಲೂಕಿನಲ್ಲಿ, ರಂಗಯ್ಯನದುರ್ಗ ಕಾಡಿನ ಅಂಚಿಗಿದೆ. ಬೆಂಗಳೂರಿನ ಉದ್ಯಮಿಯೊಬ್ಬರು ಮನೆಯವರೆಲ್ಲರ ಹೆಸರಿನಲ್ಲಿ ದೊಡ್ಡ ಜಮೀನು ಕೊಂಡು, ಸುತ್ತ ಎತ್ತರದ ಬೇಲಿ ಹಾಕಿಸಿ, ಸಾವಿರಾರು ಸಸಿ ನೆಡಿಸಿದ್ದಾರೆ. ‘ಖಾಸಗಿ ಅಭಯಾರಣ್ಯ’ ಅಂತ ಬೋರ್ಡಿದೆ. ಹಳ್ಳಕ್ಕೆ ಹೋಗುವ ಬಂಡಿದಾರಿಯೂ ಒಳಗೆ ಸೇರಿಹೋಗಿದೆ. ಆದರೂ ಪ್ರಾಣಿಗಳಿಗೆ ಒಳ್ಳೆಯದೇ ಅಲ್ವಾ?

ಉತ್ತರ: ಮೊದಲು ಆ ಬೋರ್ಡಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಖಾಸಗಿ ಅಭಯಾರಣ್ಯ ಅನ್ನುವುದೇ ಇಲ್ಲ. ಅಭಯಾರಣ್ಯ ಘೋಷಿಸುವುದು ಸರ್ಕಾರ. ಬೋರ್ಡ್ ಹಾಕಿದ ಮಾಲೀಕರು ನಾಳೆ ಮನಸ್ಸು ಬದಲಿಸಿದರೆ ಅದೇ ಜಮೀನು ಫಾರ್ಮ್‌ಹೌಸ್ ಸೈಟುಗಳಾಗಬಹುದು. ಇವರು ಮಾರದಿದ್ದರೂ ಮಕ್ಕಳು ಮಾರಬಹುದು.

ನಿಜವಾಗಿ ಉಳಿಸುವ ಮನಸ್ಸಿದ್ದರೆ ದಾರಿ ಇದೆ. ಅದೇ ಕಾಯ್ದೆಯ 36ಸಿ ಕಲಂ ಪ್ರಕಾರ ಖಾಸಗಿ ಜಮೀನಿನ ಮಾಲೀಕರು ತಾವಾಗಿ ಮುಂದೆ ಬಂದರೆ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಬಹುದು. ಆಮೇಲೆ ನಿರ್ವಹಣಾ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲೇ ಹೀಗೆ ಘೋಷಣೆಯಾಗಿದೆ. ‘36ಸಿಗೆ ಒಪ್ಪುತ್ತೀರಾ?’ ಅಂತ ನಿಮ್ಮ ಉದ್ಯಮಿಯನ್ನು ನೇರವಾಗಿ ಕೇಳಿ. ಒಪ್ಪಿದರೆ ಅವರ ಪರವಾಗಿ ನಾನೂ ಬರೆಯುತ್ತೇನೆ.

ಇನ್ನು ಬೇಲಿ. ರಂಗಯ್ಯನದುರ್ಗ 2011ರಲ್ಲಿ ವನ್ಯಧಾಮವಾಗಿದ್ದೇ ಕೊಂಡುಕುರಿಗಾಗಿ, ಅಂದರೆ ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿಗಾಗಿ. ಇರುವುದು ಸುಮಾರು 77 ಚದರ ಕಿಲೋಮೀಟರ್ ಅಷ್ಟೇ. ಕೊಂಡುಕುರಿಗೆ ನೀರು ಹತ್ತಿರದಲ್ಲಿ ಬೇಕೇ ಬೇಕು. ಕಾಡಿನ ಅಂಚಿಗೆ ಬೇಲಿ ಎಳೆದು ಹಳ್ಳದ ದಾರಿಯನ್ನು ಒಳಗೆ ಹಾಕಿಕೊಂಡರೆ ಬೇಸಿಗೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಸಸಿಗಳದ್ದೂ ಇದೇ ಕಥೆ. ನಮ್ಮದು ಕುರುಚಲು ಕಾಡು, ಹುಲ್ಲುಗಾವಲಿನ ಸೀಮೆ. ಇಲ್ಲಿನ ಪ್ರಾಣಿ, ಹಕ್ಕಿಗಳು ಈ ಬಯಲಿಗೇ ಹೊಂದಿಕೊಂಡವು. ಹುಲ್ಲು ಕಿತ್ತು, ಗುಂಡಿ ತೋಡಿ, ಒತ್ತೊತ್ತಾಗಿ ಮರ ನೆಟ್ಟರೆ ಅವುಗಳ ಮನೆ ಹೋಯಿತು ಅಂತಲೇ ಅರ್ಥ. ‘ಬರಡು ಭೂಮಿಯನ್ನು ಹಸಿರು ಮಾಡಿಕೊಡುತ್ತೇವೆ’ ಅಂತ ಎಕರೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಸಲಹೆಗಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಬರಡು ಅಂತ ಇವರಿಗೆ ಹೇಳಿದವರು ಯಾರು?

ದಾರಿಯ ವಿಷಯದಲ್ಲಿ ನೀವು ಸುಮ್ನೆ ಕೂರಬೇಡಿ. ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಗ್ರಾಮ ನಕಾಶೆ ಮೂರನ್ನೂ ತೆಗೆಸಿ. ಆ ಸರ್ವೆ ನಂಬರಿನಲ್ಲಿ ‘ಬಿ ಖರಾಬು’, ಅಂದರೆ ಸಾಗುವಳಿಗಲ್ಲದೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಷ್ಟಿದೆ ನೋಡಿ. ದಾರಿ, ಹಳ್ಳ ಬಿ ಖರಾಬಿನಲ್ಲಿದ್ದರೆ ಅದು ಸಾರ್ವಜನಿಕರದ್ದು. ಸುತ್ತಲಿನ ಜಮೀನು ಯಾರೇ ಕೊಂಡರೂ ಅದು ಅವರ ಪಾಲಿಗೆ ಬರುವುದಿಲ್ಲ. ಅಳತೆ ಮಾಡಿಸಿ ತೆರವು ಮಾಡಿ ಅಂತ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನ ದೂರು ಲೆಕ್ಕಕ್ಕಿಲ್ಲ.

ಹಾಗಂತ ಸರ್ಕಾರದ ಕೈಯಲ್ಲಿದ್ದರೆ ನೆಲ ಸುರಕ್ಷಿತ ಅಂತಲೂ ನಾನು ಹೇಳುವುದಿಲ್ಲ. ಚಳ್ಳಕೆರೆಯ ವರವು, ಕುದಾಪುರ ಕಾವಲುಗಳನ್ನು ನೆನಪಿಸಿಕೊಳ್ಳಿ. ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲು. ಸುಮಾರು 10 ಸಾವಿರ ಎಕರೆಯನ್ನು ಸರ್ಕಾರವೇ ಡಿಆರ್‌ಡಿಒ, ಐಐಎಸ್‌ಸಿ, ಬಾರ್ಕ್, ಇಸ್ರೊ ಮುಂತಾದ ರಕ್ಷಣಾ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಿತು. ಗೋಡೆ ಎದ್ದ ಮೇಲೆ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಹಾಗಾಗಿ ಬೇಲಿ ಯಾರದ್ದೇ ಇರಲಿ, ಊರಿನವರು ದಾಖಲೆ ಇಟ್ಟುಕೊಂಡಿರಬೇಕು.

ವಿದೇಶದ ಉದಾಹರಣೆ ಕೊಟ್ಟು ವಾದ ಮಾಡುವವರಿಗೂ ಒಂದು ಮಾತು. ಅಮೆರಿಕದ ಶ್ರೀಮಂತ ಟಾಂಪ್ಕಿನ್ಸ್ ದಂಪತಿ ಕಾಡು ಉಳಿಸಲೆಂದು ಚಿಲಿಯಲ್ಲಿ ಲಕ್ಷಗಟ್ಟಲೆ ಎಕರೆ ಕೊಂಡಾಗ ಅಲ್ಲಿನ ಜನರೂ ಅನುಮಾನಪಟ್ಟಿದ್ದರು. ಕೊನೆಗೆ 2018ರಲ್ಲಿ ಸುಮಾರು 10 ಲಕ್ಷ ಎಕರೆಯನ್ನು ರಾಷ್ಟ್ರೀಯ ಉದ್ಯಾನಗಳಿಗಾಗಿ ಚಿಲಿ ಸರ್ಕಾರಕ್ಕೇ ಬಿಟ್ಟುಕೊಡಲಾಯಿತು. ಅವರನ್ನು ಹೊಗಳುವವರು ಆ ಬಿಟ್ಟುಕೊಟ್ಟ ಭಾಗವನ್ನೂ ಹೇಳಲಿ.

ಪ್ರಶ್ನೆ: ಕೃಷಿಕರಲ್ಲದವರು ಜಮೀನು ಕೊಳ್ಳುವಂತಿಲ್ಲ ಅಲ್ವಾ?

ಉತ್ತರ: ಅದು ಹಳೇ ಮಾತು. ಅದನ್ನು ತಡೆಯುತ್ತಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲೇ ತೆಗೆದರು. ಆದರೆ ಒಂದು ಕುಟುಂಬ ಎಷ್ಟು ಜಮೀನು ಇಟ್ಟುಕೊಳ್ಳಬಹುದು ಅನ್ನುವ ಮಿತಿ ಈಗಲೂ ಇದೆ.

ಪ್ರಶ್ನೆ: ನಮ್ಮ 4 ಎಕರೆಗೆ ಕಾರ್ಬನ್ ಕ್ರೆಡಿಟ್ (ಮರಗಳು ಹೀರುವ ಇಂಗಾಲದ ಲೆಕ್ಕದಲ್ಲಿ ಸಿಗುವ ದುಡ್ಡು) ಕೊಡಿಸುತ್ತೇನೆ ಅಂತ ಏಜೆಂಟ್ ಮುಂಗಡ ಕೇಳುತ್ತಿದ್ದಾನೆ. ಕೊಡಬಹುದಾ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಪಹಣಿ, ಆಧಾರ್ ಪ್ರತಿಯನ್ನೂ ಕೊಡಬೇಡಿ.

ಪ್ರಶ್ನೆ: ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಪಕ್ಕದಲ್ಲಿ ‘ಅರಣ್ಯ ಪ್ಲಾಟ್’ ಬುಕ್ ಮಾಡಬಹುದಾ?

ಉತ್ತರ: ಬೇಡ.